ಎಳಿ ನಿಂದು, ಹೊಣಿ ನಿಂದು

ಗುಳೇದಗುಡ್ಡದಾಗ ನಾನೂರಾ ಹನ್ನೆರಡು ಮನಿಗೆ
ಇಂಟರ್‌ನೆಟ್ ಕೊಡಾಕಿ ನಾನು.
ಅವ್ವನ ಕುಣಿಮಗ್ಗ ಇದ್ದ ಕೋಣ್ಯಾಗ ಈಗ ನನ್ನ ಮಶೀನು ಕುಂತಾವ.
ಆಕಿ ಕಾಲಿಡತಿದ್ದ ಕುಣಿ ಹಂಗ ಐತಿ,
ಬ್ಯಾಟರಿ ಇಟ್ಟೀನಿ ಅದರಾಗ.

ಕಂಬ ಏರಾಂವ ಮೈನುದ್ದೀನ.
ಕೂದಲಿಗಿಂತ ಸಣ್ಣ ಗಾಜಿನ ಎಳಿ ಕೂಡಸೂವಾಗ
ಉಸರು ಹಿಡೀತಾನ,
ಹರದ ಹಾಸಿನ ಎಳಿಗೆ ಗಂಟು ಹಾಕೂವಾಗ
ಅವ್ವ ಹಿಡೀತಿದ್ದಂಗ.

ಮಂಗಳವಾರ ಇಬ್ಬರು ಬಂದ್ರು.

ಮೊದಲು ಪೊಲೀಸರು.
ಗುರುಸಿದ್ಧವ್ವ ಟೀಚರ ರೊಕ್ಕ ಹೋಗಿತ್ತು,
ಪಿಂಚಣಿ ಗಂಟು, ಒಂಬತ್ತು ಲಕ್ಷ ನಲವತ್ತು ಸಾವಿರ.
ಯಾಂವೋ ಸಾಹೇಬನ ವೇಷ ಹಾಕ್ಕೊಂಡು ಫೋನಿನಾಗ ಕುಂತು
ಎರಡು ದಿನ ಅವರನ್ನ ಅವರ ಮನ್ಯಾಗನ ಕೈದು ಮಾಡಿದ್ದ.
"ನಿನ್ನ ಎಳಿ ಹಿಡದು ಬಂದಾನ ಕಳ್ಳ.
ನೀ ಏನ್ ಮಾಡಾಕತ್ತಿದ್ದಿ?
ಎಳಿ ನಿಂದು, ಹೊಣಿ ನಿಂದು."

ಏನ್ ಮಾಡಾಕತ್ತಿದ್ದೆ?
ಬಿಲ್ ಬರ್ಯಾಕತ್ತಿದ್ದೆ. ರೊಟ್ಟಿ ಬಡ್ಯಾಕತ್ತಿದ್ದೆ.

ಹೊತ್ತು ಮುಳುಗೂದಕ್ಕ ಚೆನಬಸಪ್ಪ ಬಂದ. ಚಪ್ಪಲ್ ಕಳೀಲಿಲ್ಲ.
"ನಮ್ಮ ಭಾಗೀರಥಿ ರಾತ್ರಿ ಏನ್ ನೋಡ್ತಾಳ, ತಗದು ತೋರಸು.
ತಿಂಗಳಾ ರೊಕ್ಕ ಕೊಡಾಂವ ನಾನು."

ಇಬ್ಬರಿಗೂ ಒಂದ ಕಪಾಟು, ಒಂದ ಕೀಲಿ.
ಪೊಲೀಸರಿಗೆ ಕಾಗದ ಬರಸಕೊಂಡು
ಆ ಎರಡು ದಿನದ ಲೆಕ್ಕ ಕೊಟ್ಟಿದ್ದೆ.
ಚೆನಬಸಪ್ಪಗ ಚಹಾ ಕೊಟ್ಟೆ.
ಕುಡೀಲಿಲ್ಲ. ಕನೆಕ್ಷನ್ ಕಡಿ ಅಂದ.
ಮೈನುದ್ದೀನ ವೈರ್ ಸುತ್ತಿಕೊಳ್ಳೂದನ್ನ
ಹುಡುಗಿ ಮಾಳಗಿ ಮ್ಯಾಲೆ ನಿಂತು ನೋಡಿದ್ಲು,
ನನ್ನನ್ನಲ್ಲ, ವೈರನ್ನ.

ಸುಳ್ಳು ಯಾಕ ಹೇಳ್ಲಿ, ಒಮ್ಮೆ ನೋಡೀನಿ ನಾನೂ.
ಹ್ವಾದ ಬ್ಯಾಸಗ್ಯಾಗ, ನಿದ್ದಿ ಬರದ ರಾತ್ರಿ.
ಮಾತು ಕಾಣೂದಿಲ್ಲ ನಮಗ,
ಪಾಕೀಟಿನ ಮ್ಯಾಲಿನ ವಿಳಾಸದಂಗ ಹೆಸರಷ್ಟ ಕಾಣತಾವ.
ಎದುರಮನಿ ಶಂಕ್ರಮ್ಮನ ಸಾಲಿನಾಗ, ರಾತ್ರಿ ಮೂರಕ್ಕ,
ಒಂದ ಹೆಸರು ಹನ್ನೊಂದು ಸಲ:
ಕ್ಯಾನ್ಸರ್ ದವಾಖಾನಿ.

ಮುಂಜಾನೆ ನಳದ ಹತ್ರ ಸಿಕ್ಲು.
"ಆರಾಮೇನ್ರೀ?" ಅಂದೆ.
"ಆರಾಮ" ಅಂದ್ಲು, ಕೊಡ ತುಂಬಕೋಂತ.
ಅವತ್ತಿಂದ ಆಕಿನ್ನ ಆರಾಮೇನು ಅಂತ ಕೇಳೂ ಹಕ್ಕು ಕಳಕೊಂಡೆ.
ಗೊತ್ತಿದ್ದಾಕಿ ಕೇಳಿದ್ರ ಅದು ಕಕ್ಕುಲಾತಿ ಅಲ್ಲ,
ಝಡತಿ.

ಅವ್ವ ನಲವತ್ತು ವರ್ಷ ಖಣ ನೇಯ್ದಳು.
ಯಾರ ಎದಿಮ್ಯಾಲೆ ಕುಂಡರತೈತಿ,
ಅದರ ಕೆಳಗ ಎಂಥಾ ಗುಟ್ಟು ಬಡಕೋತೈತಿ, ಕೇಳಾಕಿ ಅಲ್ಲ.
ಬಣ್ಣ ಬಿಟ್ರ ವಾಪಸ್ ತರ್ರಿ ಅನ್ನಾಕಿ, ಅಷ್ಟ.
ಆದ್ರ ಖಣದ ಎಳಿ ಹಿಡದು ಬಂದು ಯಾರೂ
ಟೀಚರ ಪಿಂಚಣಿ ಒಯ್ದಿದ್ದಿಲ್ಲ.

ನಿನ್ನೆ ಅವರ ಮನಿಗೆ ಹೋಗಿದ್ದೆ. ನನಗ ಮಗ್ಗಿ ಕಲಿಸಿದವರು.
ಬೈಲಿಲ್ಲ.
"ನೀ ನೋಡಾಕತ್ತಿದ್ರ ಉಳೀತಿತ್ತೇನವಾ?" ಅಂದ್ರು.
ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಹೌದು ಅನ್ನಾಕೂ.
ಫೋನಿಡೂ ಗೂಡಿನ ಮ್ಯಾಲೆ, ಗ್ವಾಡಿಗೆ, ಸೀಸಕಡ್ಡಿಲೆ
ದೊಡ್ಡ ಅಂಕಿಯೊಳಗ ನನ್ನ ನಂಬರ್ ಬರದೆ.
"ಅಂಥಾ ಫೋನ್ ಬಂದ್ರ ನನ್ನ ಕರೀರಿ.
ಕರದ್ರ ಬರತೀನಿ."

ಕೋಣ್ಯಾಗ ಹಸರು ದೀಪ ಮಿಣುಕತಾವ.
ಎಣಸತಾವ, ಓದೂದಿಲ್ಲ.
ಈಗ ನಾನೂರಾ ಹನ್ನೊಂದು ಮನಿ.
ಕಪಾಟಿನ ಕೀಲಿ ನಡದಾಗ ಸಿಗಿಸೀನಿ,
ಮಲಗಿದಾಗ ಚುಚ್ಚತೈತಿ.