ಒಮ್ಮೊಮ್ಮೆ

ಪೂರ್ತಿ ಸತ್ತದ್ದು ಸುಳ್ಳು ಹೇಳುವುದಿಲ್ಲ ಎಂದಳು ಸೆವ್ಜಿದ್,
ಬಾನೆಟ್ಟಿನೊಳಗೆ ಮೊಣಕೈವರೆಗೆ ಇಳಿದು.
ಸತ್ತ ಬ್ಯಾಟರಿ, ಸುಟ್ಟ ಡೈನಮೊ, ಇವು ಮರ್ಯಾದಸ್ತರು,
ಕೇಳಿದರೆ ಹೇಳುತ್ತವೆ.
ಜೀವ ತಿನ್ನುವುದು ಈ ಒಮ್ಮೊಮ್ಮೆ.

ನಾನು ಗೋಬಿಯ ಮೇಕೆಗಳಿಗೆ ಸೂಜಿ ಚುಚ್ಚುವವನು.
ಕಳೆದ ಚಳಿಗಾಲ, ಕಲ್ಲು ಕೊರೆದು ಅದಿರು ಹುಡುಕುವವನೊಬ್ಬನಿಂದ
ಈ ರಷ್ಯದ ಜೀಪು ಕೊಂಡೆ.
ಮೂರನೆಯ ಕೈಯೋ ಏಳನೆಯದೋ, ಅವನೂ ಎಣಿಸಿರಲಿಲ್ಲ.
ಬಾಗಿಲಿಗೆ ಹಗ್ಗದ ಹಿಡಿ.
ಕನ್ನಡಿಗೆ ಹಿಂದಿನವರ್ಯಾರೋ ಕಟ್ಟಿದ ನೀಲಿ ರೇಷ್ಮೆ,
ಬಿಚ್ಚಲು ಯಾರಿಗೂ ಧೈರ್ಯವಾಗಿಲ್ಲ.

ಓಡುತ್ತದೆ. ಓಡುತ್ತಲೇ ಇರುತ್ತದೆ.
ಆಮೇಲೆ ಒಣಹೊಳೆಯ ನಟ್ಟನಡುವೆ
ಯಾರೋ ಹೆಸರು ಹಿಡಿದು ಕರೆದಂತೆ
ನಿಂತುಬಿಡುತ್ತದೆ.
ಮುಳ್ಳುಗಳೆಲ್ಲ ಒಟ್ಟಿಗೇ ಸೊನ್ನೆಗೆ ಮಲಗುತ್ತವೆ.
ಇಳಿದು, ಒಂದು ಸಿಗರೇಟು ಸೇದಿ, ಬೈದು,
ಮತ್ತೆ ಕೀಲಿ ತಿರುಗಿಸಿದರೆ
ಏನೂ ಆಗೇ ಇಲ್ಲವೆಂಬ ಹಾಗೆ ಗುರ್ರೆನ್ನುತ್ತದೆ.

ಒಂದು ನಡುರಾತ್ರಿ ತಾನೇ ತಾನಾಗಿ ಹಾರನ್ ಹೊಡೆದು
ಅರ್ಧ ಕಣಿವೆಯ ನಾಯಿಗಳನ್ನೆಬ್ಬಿಸಿತು.
ಪಕ್ಕದ ಉಣ್ಣೆಗುಡಾರದ ಮುದುಕ ನ್ಯಾಮ್ಖಾ ಎದ್ದುಬಂದು
ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿ ಹೋದ.
ಅದೂ ನಾಲ್ಕು ದಿನ ಕೆಲಸ ಮಾಡಿತು.

ಅವಳ ಅಂಗಳದಲ್ಲಿ ಮಾತ್ರ
ನೆಂಟರೆದುರಿನ ಮಗು.
ಮೂರು ದಿನ ಕಾದೆವು. ದೀಪ ಉರಿಯಿತು, ವೈಪರ್ ಆಡಿತು,
ನಾನೊಬ್ಬನೇ ಸುಳ್ಳನಾದೆ.
"ಗಾಡಿ ಬಿಡು, ನಿಂತ ಗಳಿಗೆ ಹೇಳು.
ಬಿಸಿಲೋ ಮಂಜೋ? ಏರೋ ಇಳಿತವೋ?
ಯಾವ ಕಡೆಗೆ ವಾಲಿತ್ತು?
ಪಕ್ಕದಲ್ಲಿ ಯಾರು ಕೂತಿದ್ದರು?"
ನಾಚಿದೆ.
ಮೇಕೆ ಸಾಕುವವರಿಗೆ ದಿನಾ
ನಾನೇ ಕೇಳುವ ಪ್ರಶ್ನೆಗಳು.

ಹಿಂದೆ ಟೆಲಿಫೋನ್ ತಂತಿಯ ಕೆಲಸದಾಕೆ.
ಊರಿಂದೂರಿಗೆ ಎಳೆದ ತಂತಿಯಲ್ಲಿ
ಎಲ್ಲಿ ಹದ್ದು ಕೂತಿದೆ ಎಂದು ಕಿವಿಯಲ್ಲೇ ಹೇಳುತ್ತಿದ್ದಳಂತೆ.
ಈಗ ತಂತಿಗಳಿಲ್ಲ, ಕಂಬಗಳು ಕುರಿದೊಡ್ಡಿಗಾದವು.
ಅವಳಿಗೆ ಉಳಿದದ್ದು
ಎರಡು ಬಾಲದ ಒಂದು ಪುಟ್ಟ ಬಲ್ಬು.

ಡ್ಯಾಶ್‌ಬೋರ್ಡ್ ಕಳಚಿದಾಗ ಹೊರಬಿತ್ತು ಹಿಂದಿನವರ ಸಂಸಾರ:
ಫ್ಯೂಸಿನ ಜಾಗದಲ್ಲಿ ಚಾಕಲೇಟಿನ ಬೆಳ್ಳಿಕಾಗದ,
ಗಾಯಕ್ಕೆ ಸುತ್ತುವ ಬಟ್ಟೆಯಲ್ಲಿ ಸುತ್ತಿದ ಗಂಟು,
ಅದರ ಮೇಲೆ ಒಂಟೆಕೂದಲ ಹುರಿ,
ಕೆಂಪಾಗಿ ಹೊರಟು ನಡುವೆ ಹಸಿರಾಗಿ
ಕೊನೆಗೆ ಕಪ್ಪಾಗಿ ತಲುಪುವ ಒಂದೇ ತಂತಿ.
ಪ್ರತಿಯೊಬ್ಬನೂ ಊರು ಮುಟ್ಟುವಷ್ಟೇ ಸರಿಮಾಡಿದ್ದ.
ಬೈಯಲು ಬಾಯಿ ತೆರೆದೆ.
"ಮುಟ್ಟಿದ್ದಾರಲ್ಲ," ಎಂದಳು.

ಕತ್ತಲಾಗಲೆಂದೇ ಕಾದು, ನಾನು ಬಲ್ಬು ಹಿಡಿದೆ.
ಅವಳು ತಂತಿಯ ಕಟ್ಟನ್ನು ಗೇಣುಗೇಣಾಗಿ
ಅಲುಗಿಸುತ್ತ ಬಂದಳು, ಕರುಳು ತಡಕುವಂತೆ.
ಉರೀತಿದೆಯಾ? ಉರೀತಿದೆ.
ಈಗ? ಉರೀತಿದೆ.
ಈಗ?
ಕಣ್ಣು ಹೊಡೆಯಿತು.

ಬ್ಯಾಟರಿ ತಟ್ಟೆಯ ಕೆಳಗೆ
ಚಾಸಿಗೆ ಕಚ್ಚಿಕೊಂಡ ಹೆಣೆದ ಪಟ್ಟಿ.
ಮೇಲೆ ನೋಡಿದರೆ ಗಟ್ಟಿ. ಬೋಲ್ಟು ಬಿಚ್ಚಿದರೆ
ಒಳಗೆಲ್ಲ ಕಿಲುಬು, ಏಳೆಂಟು ಎಳೆ ಮಾತ್ರ ಜೀವಂತ.
ಎಡಕ್ಕೆ ವಾಲಿದರೆ ಬಿಡುತ್ತಿತ್ತು,
ನಾನಿಳಿದು ಭಾರ ತಗ್ಗಿದರೆ ಮತ್ತೆ ಅಪ್ಪುತ್ತಿತ್ತು.
ಹೊರಟ ಕರೆಂಟಿಗೆ ದಾರಿಯಿತ್ತು,
ಮರಳಲು ನೆಲವಿರಲಿಲ್ಲ.
ಅರ್ಥ್ ಇರಲಿಲ್ಲ, ಅಷ್ಟೆ.

ಉಜ್ಜಿ, ಹೊಸ ಪಟ್ಟಿ ಬಿಗಿದು, ಕುರಿಕೊಬ್ಬು ಸವರಿದಳು.
ಹಾರನ್ನಿನ ಸಂಗತಿ ಬೇರೆ, ಅದು ಇನ್ನೊಂದು ದಿನ.
ದುಡ್ಡು ಬೇಡ, ಒಂದು ಮೇಕೆ ನೋಡಬೇಕು,
ಹಿಂಗಾಲು, ಒಮ್ಮೊಮ್ಮೆ ಕುಂಟುತ್ತದೆ.

ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದಳು.
ಬಿಳಿ ಮೇಕೆ ನನ್ನೆದುರೇ
ಮದುಮಗಳಂತೆ ನೆಟ್ಟಗೆ ನಡೆದುಹೋಯಿತು.
"ನೋಡು ಕಳ್ಳಿಯನ್ನ!" ಸೆವ್ಜಿದಳ ಮುಖ ಕೆಂಪಾಯಿತು.

ಬಕೆಟ್ಟು ಬೋರಲು ಹಾಕಿ ಕೂತೆ.
ಏರೋ ಇಳಿತವೋ, ಕೇಳಿದೆ.
ಜೀಪನ್ನು ಆರಿಸಿರಲಿಲ್ಲ.