ಸೊನ್ನೆಯಿಂದ

ಡ್ರಾಯಿಂಗ್ ಮೇಷ್ಟ್ರು ಬುಡೇನ್ ಸಾಹೇಬರು
ಕಾರಿನ ಜೊತೆ ಕೊಟ್ಟದ್ದು:
ಎರಡು ಕೀಲಿಕೈ, ಒಂದು ಜಾಕು,
ಸೀಟಿನ ಸಂದಿಯಲ್ಲಿ ಗಿಡ್ಡ ಪೆನ್ಸಿಲು,
ಬಾಗಿಲು ತೆರೆದಾಗಲೆಲ್ಲ ಏಳುವ ಅತ್ತರಿನ ಒಂದೆಳೆ.
ಕೊಡದೆ ಉಳಿಸಿಕೊಂಡದ್ದು ಒಂದೇ,
ಹನ್ನೊಂದು ವರ್ಷ ಯಾರಿಗೂ ತಾಗಿಸದೆ ಓಡಿಸಿದ ಪುಣ್ಯ.

"ಅದು ಗಾಡೀದಲ್ಲಮ್ಮ, ಮನುಷ್ಯಂದು" ಅಂದರು ಪಾಪಿರೆಡ್ಡಿ,
ಚಿಂತಾಮಣಿಯ ಜೆರಾಕ್ಸ್ ಅಂಗಡಿ ಮೇಲಿನ ಕೋಣೆಯಲ್ಲಿ
ಹಾರುವ ಕಾಗದದ ಮೇಲೆ ಸ್ಟೇಪ್ಲರ್ ಇಟ್ಟು.
"ನೋ ಕ್ಲೇಮ್ ಬೋನಸ್ಸು ಅವರ ಹೊಸ ಕಾರಿಗೆ ಹೋಯ್ತು.
ನಿಂದು ಸೊನ್ನೆಯಿಂದ."

ಇಪ್ಪತ್ತೊಂದು ವಯಸ್ಸಿಗೆ ಸೊನ್ನೆಯೇನು ಹೊಸದಲ್ಲ.
ಆದರೂ ಸೊಪ್ಪಿನವಳ ಹತ್ತಿರ ಕೇಳುವ ಹಾಗೆ ಕೇಳಿದೆ,
ಇನ್ನೊಂಚೂರು ಕಮ್ಮಿ ಆಗಲ್ವಾ ಸಾರ್?

ಪಾಪಿರೆಡ್ಡಿ ಕೆಂಪು ಪೆನ್ನು ತೆಗೆದರು.
ಹಳೇ ಗಾಡಿಗೆ ಬಂಪರ್ ಟು ಬಂಪರ್ ಯಾಕೆ, ಹೊಡಿ ಕಾಟು.
ಮೊದಲ ಎರಡೂವರೆ ಸಾವಿರ ನಾನೇ ಭರಿಸ್ತೀನಿ ಅಂತ
ಇಲ್ಲಿ ಸೈನು ಹಾಕು, ಇನ್ನಷ್ಟು ಇಳಿಯುತ್ತೆ.
ಥರ್ಡ್ ಪಾರ್ಟಿ ಮಾತ್ರ ಸರ್ಕಾರದ ರೇಟು,
ದೇವರೇ ಮೆಟ್ಟಿಲು ಹತ್ತಿ ಬಂದರೂ ಚೌಕಾಸಿಯಿಲ್ಲ.

ಆಮೇಲೆ ಪೆನ್ನು ನಿಲ್ಲಿಸಿ,
ಬಾಗಿಲ ಹತ್ತಿರ ಸ್ಟೂಲಿನಲ್ಲಿ ಟೀ ಆರಿಸುತ್ತಿದ್ದ ಅಪ್ಪನ ಕಡೆ ನೋಡಿ,
"ತಪ್ಪು ತಿಳೀಬೇಡಿ. ನಿಮ್ಮ ಹೆಸರಲ್ಲಿ ಒಂದು ಕಾರಿದ್ದಿದ್ರೆ
ಆ ಬೋನಸ್ಸು ನಿಮ್ಮ ನಂತರ ವಾರಸುದಾರರಿಗೆ ಬರ್ತಿತ್ತು."

ಅಪ್ಪ ಮೂವತ್ತೊಂದು ವರ್ಷ ಟಮೋಟ ಲೋಡು ಓಡಿಸಿದವನು.
ನಾಗಪುರ, ರಾಯಪುರ, ಮಂಜು ಕವಿದ ಯಾವುದೋ ಘಾಟು,
ಒಂದು ನಾಯಿಗೂ ಚಕ್ರ ತಾಗಿಸಿಲ್ಲ.
ಲಾರಿ ಮಾತ್ರ ಸಾಹುಕಾರರದು.
ಪಾಲಿಸಿಯೂ ಅವರದು, ಕಾಗದದ ಮೇಲಿನ ಹೆಸರೂ ಅವರದು.
ಆ ಮೂವತ್ತೊಂದು ವರ್ಷ ಯಾವ ಕಂಪ್ಯೂಟರಿನಲ್ಲೂ ಸಿಗದು.

ಅಪ್ಪ ನಕ್ಕ.
"ಸಾಯೋಕೆ ಮುಂಚೆ ಒಂದು ಕಾರು ತಗೋಬೇಕಿತ್ತು ನೋಡು, ಮೌನಿ."

ನಾನು ಓಡಿಸುವಾಗ ಅವನು ಪಕ್ಕದಲ್ಲಿ ಕೂರುತ್ತಾನೆ.
ಬಾಯಿ ಬಿಡುವುದಿಲ್ಲ.
ಬಲಗಾಲು ಮಾತ್ರ ಅಲ್ಲಿ ಇಲ್ಲದ ಬ್ರೇಕು ಒತ್ತುತ್ತಿರುತ್ತದೆ.
ಆ ಕಡೆಯ ಮ್ಯಾಟು ಹಿಮ್ಮಡಿ ಜಾಗದಲ್ಲಿ ಸವೆದು ನೂಲು ಬಿಟ್ಟಿದೆ.

ಆಷಾಢದಲ್ಲಿ ಮಾರ್ಕೆಟ್ ಗೇಟಿನಲ್ಲಿ
ಟಮೋಟ ತುಂಬಿದ ಗೂಡ್ಸ್ ಆಟೋ ಹಿಂದಕ್ಕೆ ಬಂದು
ನನ್ನ ಎಡ ಬಾಗಿಲಿಗೆ ಒರಗಿತು.
ಇಳಿದ ಹುಡುಗ ನನಗಿಂತ ಚಿಕ್ಕವನು,
ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ.
ಬಾಗಿಲಲ್ಲಿ ತಟ್ಟೆ ಇಡ್ಲಿಯಷ್ಟಗಲ ಗುಳಿ.

ಟಿಂಕರಿಂಗಿನವನು ಮೂರು ಸಾವಿರದ ಇನ್ನೂರು ಅಂದ.
ಪಾಪಿರೆಡ್ಡಿಗೆ ಫೋನು ಮಾಡಿದೆ.
"ಎರಡೂವರೆ ನೀನೇ ಬರಕೊಟ್ಟಿದ್ದು, ಸಾವಿರ ಕಡ್ಡಾಯದ್ದು,
ಕೈಗೇನು ಬರುತ್ತಮ್ಮ? ಮಣ್ಣು.
ಕ್ಲೇಮಿಗೆ ಹೋದರೆ ವರ್ಷವೂ ಹೋಯ್ತು. ಗುಳಿ ಇಟ್ಕೋ."

ಇಟ್ಟುಕೊಂಡೆ.
ಹುಡುಗ ಒಂದು ಬಾಕ್ಸು ಟಮೋಟ ಡಿಕ್ಕಿಗೆ ಹಾಕಿದ, ಬೇಡವೆಂದರೂ.
ಎಂಟು ದಿನ ಮನೆಯಲ್ಲಿ ಅದೇ ಗೊಜ್ಜು,
ಒಂಬತ್ತನೇ ದಿನ ಅಮ್ಮನೇ ಬೈದಳು.
ಮಳೆಯ ಮಾರನೇ ಬೆಳಿಗ್ಗೆ ಧೂಳೆಲ್ಲ ಆ ಗುಳಿಯಲ್ಲೇ ಕೂರುತ್ತದೆ,
ಓಣಿಯ ಮಕ್ಕಳು ಬೆರಳಲ್ಲಿ ಅಲ್ಲಿ ಕಣ್ಣು, ಮೂಗು, ಮೀಸೆ ಬರೆಯುತ್ತಾರೆ.
ಮೇಷ್ಟ್ರು ನೋಡಿದ್ದರೆ ಮೆಚ್ಚುತ್ತಿದ್ದರು.

ವರ್ಷ ತುಂಬಿತು.
"ಇಪ್ಪತ್ತು ಪರ್ಸೆಂಟು ಬಂತಮ್ಮ!" ಪಾಪಿರೆಡ್ಡಿಯ ದನಿಯಲ್ಲಿ
ಮಗಳು ಪಾಸಾದ ಸಂಭ್ರಮ.
ಆರುನೂರ ಹನ್ನೆರಡು ರೂಪಾಯಿ.
ಬೇರೆಯವರಿಗೆ ಅದೊಂದು ಊಟ.
ನಾನು ಅದನ್ನು ಮೂರು ಸಲ ಎಣಿಸಿದೆ.

ಅವತ್ತು ಕೈವಾರದ ದಾರಿಯಲ್ಲಿ ಓರೆಗಣ್ಣಲ್ಲಿ ನೋಡಿದೆ,
ಅಪ್ಪನ ಕಾಲು ಮ್ಯಾಟಿನ ಮೇಲೆ ಸುಮ್ಮನೆ ಮಲಗಿತ್ತು,
ಒಂದು ಕಿಲೋಮೀಟರು, ಎರಡು, ಮೂರು.
ನಾನು ಏನೂ ಹೇಳಲಿಲ್ಲ, ಹೇಳಿದರೆ ಎಚ್ಚರವಾದೀತೆಂದು.

ಆಗಲೇ ಹಿಪ್ಪುನೇರಳೆ ತೋಟದಿಂದ ಒಂದು ಮೇಕೆ,
ಬಾಯಲ್ಲಿ ಕದ್ದ ಸೊಪ್ಪು,
ರಸ್ತೆ ಮಧ್ಯೆ ಬಂದು ನಿಂತಿತು.
ಇಬ್ಬರ ಕಾಲೂ ಒಟ್ಟಿಗೇ ಒತ್ತಿದವು.

ಕಾರು ನಿಂತದ್ದು ಯಾರ ಬ್ರೇಕಿಗೆಂದು
ಮೇಕೆ ಕೇಳಲಿಲ್ಲ.
ಅಗಿಯುತ್ತ ಆಚೆ ಹೋಯಿತು.