ನಾಲ್ಕು ಆಂಪಿಯರ್

ನಮ್ಮ ಮನೆಗೆ ನಾಲ್ಕು ಆಂಪಿಯರ್. ಅದಕ್ಕೆ ತಿಂಗಳ ಬಾಡಿಗೆ.
ಬೀದಿ ಕೊನೆಯ ಜನರೇಟರಿನಿಂದ ಇಳಿದುಬರುವ
ತಂತಿಗಳ ಸಿಕ್ಕಿನಲ್ಲಿ ನಮ್ಮದು ಹಳದಿ,
ಮೂರು ಕಡೆ ಟೇಪು ಸುತ್ತಿದ್ದು.
ಅದರ ಒಡೆಯ ಅಬು ಗಾಯಿಬ್.
ಮಕ್ಕಳಿಲ್ಲದವನನ್ನು ಇಲ್ಲಿ ಹಾಗೆ ಕರೆಯುತ್ತಾರೆ,
ಇನ್ನೂ ಬಾರದವನ ಅಪ್ಪ ಎಂದು.
ಕರೆಂಟು ಹೋದ ಮೇಲೆ ಬಸ್ರಾದ ಈ ಓಣಿಗೆ ಅವನೇ ಸೂರ್ಯ,
ಡೀಸೆಲ್ ಕುಡಿದು ಕೆಮ್ಮುವ ಸೂರ್ಯ.

ಕೂಲರು, ಫ್ರಿಜ್ಜು, ಎರಡು ದೀಪ, ಅಪ್ಪನ ಟೀವಿ.
ಮಿಕ್ಕಿದ್ದರಲ್ಲಿ ತಮ್ಮ ಮುಹೈಮಿನನ ಗೇಮಿಂಗ್ ಲ್ಯಾಪ್‌ಟಾಪು,
ಅಶ್ಶಾರ್ ಪೇಟೆಯಲ್ಲಿ ಚೌಕಾಸಿ ಮಾಡಿ ತಂದ ಹಳೆಯದು;
ಮುಚ್ಚಳದ ಮೇಲೆ ಯಾರೋ ಅಂಟಿಸಿ
ಅರ್ಧ ಕಿತ್ತ ಡ್ರ್ಯಾಗನ್.
ಆಟ ಶುರುವಾದರೆ ಒಳಗೆ ತೊಂಬತ್ತೇಳು ಡಿಗ್ರಿ,
ಹೊರಗೆ ನಲವತ್ತೊಂಬತ್ತು.
ಫ್ಯಾನು ಕಿರುಚಿದರೆ ಅಮ್ಮ ಅಡುಗೆಮನೆಯಿಂದ:
“ಮಹಡಿ ಮೇಲೆ ಬಟ್ಟೆ ಹಾಕಿದ್ದೀನಿ ತೆಗೀರೋ,
ವಿಮಾನ ಇಳೀತಿದೆ.”
ಅದೇ ಹೊತ್ತಿಗೆ ಫ್ರಿಜ್ಜು ಬೆಚ್ಚಿ ಎದ್ದರೆ
ಟಪ್.
ಬ್ರೇಕರ್ ಬಿತ್ತು. ಬ್ಯಾಟರಿ ಇದ್ದರೇನು, ರೌಟರ್ ಸತ್ತಿತ್ತು.
ಇಜ್ಮೀರಿನಲ್ಲೋ ಅಮ್ಮಾನಿನಲ್ಲೋ ಕೂತ ಜೊತೆಗಾರರು
ಓಡಿಹೋದ ಹೇಡಿ ಎಂದು ಅವನನ್ನು ಶಪಿಸುತ್ತಿದ್ದರು.

ನಾನು ವಿಜ್ದಾನ್. ವಿದ್ಯುತ್ತು ಓದಿದವಳು, ಕೆಲಸ ಸಿಗದವಳು.
“ಆಟ ಬಿಡು ಅನ್ನೋದಿಲ್ಲ,” ಎಂದೆ.
“ನಿನ್ನ ಪ್ರೊಸೆಸರಿಗೆ ಕಾರ್ಖಾನೆಯವರು ಕೊಡೋದು
ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು.
ಒಂದೇ ಅಚ್ಚಿನ ಸಾವಿರದಲ್ಲಿ ತೀರ ಬಡಕಲಿಗೂ ಸಾಲಲಿ ಅಂತ
ಎಲ್ಲಕ್ಕೂ ಒಂದೇ ಅಳತೆ.
ನಿನಗೆಷ್ಟು ಸಾಕು ಅಂತ ಇದನ್ನ
ಯಾರೂ ಕೇಳಿಲ್ಲ.”

“ಸುಟ್ಟುಹೋದರೆ?”
“ಹೆಚ್ಚು ಕೊಟ್ಟರೆ ಸುಡುತ್ತೆ. ಕಡಿಮೆ ಕೊಟ್ಟರೆ ಮೂರ್ಛೆ.
ಎಬ್ಬಿಸಬಹುದು. ಆದರೆ ಬೀಳುವವನ ಕೈಲಿದ್ದದ್ದೂ ಬೀಳುತ್ತಲ್ಲ,
ಮೊದಲು ನಿನ್ನ ಸರಕೆಲ್ಲ ಬೇರೆ ಕಡೆ ಇಡು.”
ಇಟ್ಟ. ಪಾಠದ್ದು ಒಂದೂ ಇರಲಿಲ್ಲ.
ಅಜ್ಜನ ದನಿ ಇತ್ತು, ಏಳು ಸೆಕೆಂಡು:
“ಬಾಗಿಲು ಹಾಕ್ರೋ, ಬೆಕ್ಕು ಬಂತು.”

ಹಳೆಯ ಯಂತ್ರ; ಬಯಾಸ್‌ಗೆ ಬೀಗ ಬಿದ್ದಿರಲಿಲ್ಲ, ಪುಣ್ಯ.
ಮೈನಸ್ ಮೂವತ್ತು ಮಿಲಿವೋಲ್ಟ್.
ಬೆನ್ನ ಮೇಲೆ ಲೆಕ್ಕದ ಮೂಟೆ ಹೇರಿ ಅರ್ಧ ಗಂಟೆ ಕಾದೆವು.
ನಡೆಯಿತು.
ಐವತ್ತು. ಎಪ್ಪತ್ತು.
“ಒಮ್ಮೆಗೇ ನೂರೈವತ್ತು ಒತ್ತು,” ಎಂದ ಆಸೆಬುರುಕ.
ಕೈ ಮೇಲೊಂದು ಕೊಟ್ಟೆ.
ಇಲ್ಲಿಂದ ಹತ್ತು ಹತ್ತೇ ಇಳಿಯಬೇಕು,
ಕತ್ತಲ ಬಾವಿಗೆ ಹಗ್ಗ ಬಿಟ್ಟ ಹಾಗೆ,
ನೀರು ಮುಟ್ಟಿದ್ದು ಅಂಗೈಗೆ ತಿಳಿಯುವಷ್ಟು ನಿಧಾನ.
ನೂರು. ನೂರ ಹತ್ತು.
ನೂರ ಇಪ್ಪತ್ತಕ್ಕೆ ಪರದೆ ನೀಲಿಯಾಯಿತು,
ನಮ್ಮ ಶತ್ ಅಲ್ ಅರಬ್ ಎಂದೂ ಆಗದಂಥ ನೀಲಿ.

ಮುಹೈಮಿನ್ ಗೋಡೆಗೆ ಮುಖ ಮಾಡಿ ನಿಂತ.
ಎರಡು ನಿಮಿಷ. ತಾನೇ ಎದ್ದಿತು, ಹಳೆಯ ಅಳತೆಗೇ ಎದ್ದಿತು;
ಏಳುವಾಗಲೇ ಹೊಸದನ್ನು ಹೊತ್ತುಕೋ ಎಂದು
ನಾನಿನ್ನೂ ಹೇಳಿಟ್ಟಿರಲಿಲ್ಲ.
ಆತುರದವರು ಅಲ್ಲೇ ಎಡವುವುದು.
ಬಿದ್ದ ಜಾಗದ ಪಕ್ಕದಲ್ಲೇ ಮನೆ ಕಟ್ಟಬಾರದು.
ಹತ್ತು ಹಿಂದಕ್ಕೆ ಬಂದೆ, ಅದೂ ಸಾಲದೆಂದು
ಇನ್ನೊಂದು ಹದಿನೈದು,
ಆಗಸ್ಟಿನ ಹೆಸರಲ್ಲಿ.
ತೊಂಬತ್ತೈದಕ್ಕೆ ನಿಲ್ಲಿಸಿದೆ,
ಉಕ್ಕದ, ಆರದ, ಅಮ್ಮನ ಚಹಾದ ಉರಿ.

ಮೂರು ರಾತ್ರಿ ಆಡಿಸಿ ನೋಡಿದೆವು.
ಎಂಬತ್ತೆರಡು ಡಿಗ್ರಿ. ವೇಗ ಅಷ್ಟೇ, ಕೂದಲೆಳೆ ಹೆಚ್ಚೇ.
ಉಳಿತಾಯ, ಪ್ಲಗ್ಗಿಗೆ ಮೀಟರಿಟ್ಟು ಅಳೆದೆ: ಹದಿನಾಲ್ಕು ವ್ಯಾಟ್.
ಹದಿನಾಲ್ಕು! ಫ್ರಿಜ್ಜಿನ ಒಂದು ಸೀನಿಗೆ ಸಾಲದು.
ನಾಲ್ಕನೆಯ ರಾತ್ರಿ ಬ್ರೇಕರ್ ಮತ್ತೆ ಬಿತ್ತು.

ಬೀಳುವ ಮುಂಚೆ ಮಾತ್ರ ಒಂದು ಗಂಟೆ
ಫ್ಯಾನು ಪಿಸುಗುಟ್ಟುತ್ತಿತ್ತು.
ಕೆಟ್ಟುಹೋಯಿತೇ ಎಂದು ಅಮ್ಮ ಎರಡು ಸಲ ಇಣುಕಿದಳು.
ಸದ್ದು ಇಳಿದ ಆ ಕೋಣೆಗೆ
ಬೀದಿ ಕೊನೆಯ ಜನರೇಟರು ಮೊದಲ ಸಲ ಬಿಡಿಬಿಡಿಯಾಗಿ ಕೇಳಿಸಿತು.
ಆರರಲ್ಲಿ ಒಂದು ಸಿಲಿಂಡರು
ಹೆಜ್ಜೆ ತಪ್ಪುತ್ತಿತ್ತು.
ಎಷ್ಟು ವರ್ಷದಿಂದಲೋ.

“ನಾಳೆ ಅಬು ಗಾಯಿಬ್‌ಗೆ ಹೇಳಬೇಕು,
ನಾನೇ ಬಿಚ್ಚಿ ನೋಡ್ತೀನಿ,” ಎಂದೆ.
“ಕೂಲಿ ಬೇಡ ಅನ್ನು,” ಎಂದ ತಮ್ಮ,
ಪರದೆಯಿಂದ ಕಣ್ಣು ಕೀಳದೆ,
“ಐದನೇ ಆಂಪಿಯರ್ ಕೇಳು.”